ಹಿಂದಿನ ಸೀಟಿಗೆ ಹೇಳಿದ ಮಾತು

ಮೊದಲು ಟ್ಯಾಂಕಿನೊಳಗೆ ಗುಳುಗುಳು, ಆಮೇಲೆ ಕಿಕ್ಕಿನ ಎರಡು ಒಣಕೆಮ್ಮು, ಮೂರನೆಯದಕ್ಕೆ ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುವಂಥ ಫಟಫಟ: ತೊಂಬತ್ತರ ದಶಕದ ಕೊಟ್ಟೂರಿನಲ್ಲಿ ನಮ್ಮ ಮನೆಗೆ ಬೆಳಗಾಗುತ್ತಿದ್ದುದು ಹೀಗೆ. ಹಠ ಹಿಡಿದ ಕೂಸನ್ನು ಮಗ್ಗುಲಿಗೆ ಹೊರಳಿಸುವ ಹಾಗೆ ನಮ್ಮ ಯಜಮಾನರು ಸ್ಕೂಟರನ್ನು ಒಮ್ಮೆ ವಾಲಿಸಿ ನೆಟ್ಟಗೆ ಮಾಡಿದರೇನೇ ಅದು ಹೊರಡಲು ಒಪ್ಪುತ್ತಿತ್ತು. ಕಾರಿರುವವರು ಈ ಉಪಚಾರವನ್ನು ಅರಿಯರು, ಪಾಪ.

ಮಾತಾಡುವಾಗ ಎದುರಿನವರ ಮುಖ ನೋಡಬೇಕು, ಅದೇ ಗುಡ್ ಮ್ಯಾನರ್ಸ್ ಎಂದು ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ್ದರು. ಮುಖ ಕಂಡೊಡನೆ ಬಾಯಿ ಮುಚ್ಚುವವರೂ ಲೋಕದಲ್ಲಿದ್ದಾರೆಂದು ತಿಳಿದದ್ದು ಮದುವೆಯಾದ ಮೇಲೆ. ಊಟಕ್ಕೆ ಕೂತರೆ ‘ಹ್ಞೂ’, ‘ಸಾಕು’ ಇವೆರಡರಲ್ಲೇ ಸಂಸಾರ ತೂಗಿಸುತ್ತಿದ್ದ ಆ ಬಟ್ಟೆ ಅಂಗಡಿಯ ಮನುಷ್ಯ, ಸ್ಕೂಟರು ಊರ ಹೊರಗಿನ ಹುಣಸೆಮರ ದಾಟಿತೋ, ಕತ್ತನ್ನು ಒಂದಿಷ್ಟು ಎಡಕ್ಕೆ ಹೊರಳಿಸಿ ಮಾತಿಗೆ ತೊಡಗುತ್ತಿದ್ದರು. ಹಡಗಲಿಯ ತನಕ ತೀರಿಹೋದ ಅವ್ವನ ನೆನಪು. ಹರಪನಹಳ್ಳಿಯ ತನಕ, ಅಂಗಡಿ ಬಿಟ್ಟು ಮೇಷ್ಟ್ರಾಗಬೇಕಿತ್ತೆಂಬ ಆಸೆ. ಅರ್ಧ ನನ್ನ ಕಿವಿಗೆ, ಅರ್ಧ ಗಾಳಿಗೆ. ಸೆರಗು ಬಿಗಿದು ಅಡ್ಡ ಕೂತ ನಾನು ಅವರನ್ನು ಅರಿತದ್ದೆಲ್ಲ ಅವರ ಎಡಗಿವಿಯನ್ನು ನೋಡುತ್ತ.

ಅಂಗಡಿ ಬೆಳೆಯಿತು. ಮೈದುನ ಕಾರಿನ ಮಾತೆತ್ತಿದ.

“ಅತ್ತಿಗಿ, ಊರಾಗ ನಮ್ಮ ಮರ್ಯಾದಿ ಏನಾಗಬೇಕ್ರಿ? ಈ ವಯಸ್ಸಿನ್ಯಾಗ ಧೂಳ ಕುಡಕೊಂತ ಅಡ್ಡಾಡ್ತೀರಲ್ಲ!”

“ಧೂಳು ರುಚಿ ಐತಪ್ಪ,” ಅಂದೆ.

ನನ್ನನ್ನು ಜಿಪುಣಿ ಅಂದರು, ಅನ್ನಲಿ. ಕಾರಿನಲ್ಲಿ ಪಕ್ಕಪಕ್ಕ ಕೂರಬೇಕು, ಮುಖ ಕಾಣುತ್ತದೆ, ಮುಂದೆ ಡ್ರೈವರೂ ಇರುತ್ತಾನೆ. ಇವರು ಮತ್ತೆ ‘ಹ್ಞೂ’ಗೆ ಇಳಿದುಬಿಟ್ಟರೆ ನನ್ನ ಪಾಲಿಗೆ ಯಾವ ಗಂಡ ಉಳಿದಾನು? ಇದನ್ನು ಮೈದುನನಿಗೆ ಎಕ್ಸ್‌ಪ್ಲೇನ್ ಮಾಡುವುದು ಹೇಗೆ, ನೀವೇ ಹೇಳಿ.

ನಾನು ಹತ್ತಿ ಕೂತು ಹೆಗಲು ತಟ್ಟಿದರೆ ಅವರು ಹೊರಡುವುದು ನಮ್ಮ ಪದ್ಧತಿ. ಒಮ್ಮೆ ಕಾನಹೊಸಹಳ್ಳಿಯಲ್ಲಿ ಗಾಡಿ ನಿಂತಿತು. ನಾನಿಳಿದೆ, ಅವರು ವಾಲಿಸಿ ಕಿಕ್ ಹೊಡೆದರು, ಫಟಫಟ ಶುರುವಾಯಿತು. ಅಷ್ಟರಲ್ಲಿ ಅವರ ಅಂಗಿಯ ಹೆಗಲ ಮೇಲೆ ಧೂಳು ಕಂಡು ಜಾಡಿಸಿದೆ. ಹೊರಟೇಬಿಟ್ಟರು. ನಾನು ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ ಮುಗಿಸಿ, ಮಿರ್ಚಿ ಬಜ್ಜಿಗೆ ಕೈಹಾಕುವ ಹೊತ್ತಿಗೆ, ಕೂಡ್ಲಿಗಿ ಮುಟ್ಟಿ ಮರಳಿ ಬಂದು ಬೆವರುತ್ತ ನಿಂತರು.

“ಕೂಡ್ಲಿಗಿ ತನಕ ಮಾತಾಡೀನಿ,” ಅಂದರು.

“ಏನ ಮಾತಾಡಿದ್ರಿ?”

“ಭಾಳ ದಿನದಿಂದ ನಿನಗ ಹೇಳಬೇಕಂತಿದ್ದೆ. ಹೇಳಿದೆ.”

“ಈಗ ಹೇಳ್ರಿ ಮತ್ತ, ಪ್ಲೀಸ್.”

ನನ್ನ ಮುಖ ನೋಡಿದರು. “ಒಮ್ಮಿ ಹೇಳೀನಲ್ಲ. ನಡಿ, ಗಾಡಿ ಹತ್ತು.”

ಮನೆ ಮುಟ್ಟುವವರೆಗೂ ಟಯರಿನ ವಿಷಯ ಮಾತಾಡಿದರು.

ಕಾರು ಕೊನೆಗೂ ಬರಲಿಲ್ಲ. ಅವರನ್ನು ನಾನು ಕೊನೆಯ ಸಲ ಕಂಡದ್ದು ಮನೆಯ ಮುಂದೆ, ಒಬ್ಬರೇ ಹಗರಿಬೊಮ್ಮನಹಳ್ಳಿಗೆ ಹೊರಟಾಗ. ಅಲ್ಲಿ ಗೆಳೆಯರ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂತಲ್ಲೇ ಎದೆಬಡಿತ ನಿಂತಿತು. ಸ್ಕೂಟರಿಗೆ ಏನೂ ಆಗಿರಲಿಲ್ಲ. ಅಂದು ಬೆಳಿಗ್ಗೆಯೂ ಅದು ಗುಳುಗುಳು ಅಂದಿತು, ಕೆಮ್ಮಿತು, ಮೂರನೆಯದಕ್ಕೆ ಫಟಫಟ ಶುರುಮಾಡಿತು. ಹೆಗಲ ಮೇಲೆ ಧೂಳಿರಲಿಲ್ಲ, ಆದರೂ ತಟ್ಟಿದೆ. ಓಣಿಯ ತಿರುವಿನಲ್ಲಿ, ಹಿಂದಿನ ಸೀಟು ಖಾಲಿ ಎಂದು ಗೊತ್ತಿದ್ದೂ, ಕತ್ತನ್ನು ಒಂದಿಷ್ಟು ಎಡಕ್ಕೆ ಹೊರಳಿಸಿದರು. ತುಟಿ ಅಲುಗುತ್ತಿತ್ತು. ಹುಣಸೆಮರ ಇನ್ನೂ ದೂರವಿತ್ತು. ಮಾತು ಆಗಲೇ ಶುರುವಾಗಿತ್ತು.