ಅತ್ತಿಯವರ ಮದುವಿ ಸೀರಿಗೆ ಮೀಟರ್ ಹಚ್ಚಿದ್ದು

ಇವತ್ತ ನನ್ನ ಎದಿ ಢವಢವ ಅನ್ನೋದು ಇನ್ನೂ ನಿಂತಿಲ್ಲ ಗೆಳತ್ಯಾರ. ನಾಳಿ ಯಾದಗಿರಿಯಾಗ ವಿಜ್ಞಾನ ಪ್ರದರ್ಶನ ಅದ. ಕತ್ತಲಾಗ ಹೊಲದಿಂದ ನಡಕೊಂಡು ಬರೋರಿಗಂತ ನಾ ಕಲಿಸೋ ಸಾಲಿ ಹುಡುಗ್ಯಾರು ದೀಪ ಹತ್ತೋ ಅಂಗಿ ಹೊಲಿಯಾಕತ್ತಿದ್ರು. ಇನ್ನೊಂದು ಗೇಣು ಹೊಲಿಯೂದಿತ್ತು, ಕರೆಂಟ್ ಹರಿಯೋ ದಾರ ಮುಗೀತು. ಅದು ಶಹಾಪುರದಾಗ ಸಿಗಂಗಿಲ್ಲ.

ಬೆಳ್ಳಿ ಜರಿಯಾಗೂ ಕರೆಂಟ್ ಹರೀತದ. ಮಲ್ಟಿಮೀಟರ್ ಹಿಡಕೊಂಡು ಟೇಲರ್ ಅಂಗಡಿಗೆ ಹೋಗಿ ಇದ್ದಬದ್ದ ಜರಿಗೆಲ್ಲ ಹಚ್ಚಿ ನೋಡಿದೆ. ಕರೆಂಟ್ ಹರಿದ್ರ ಮೀಟರ್ ಪೀ ಅಂತದ. ಒಂದಕ್ಕೂ ಅನ್ನಲಿಲ್ಲ. "ಎಲ್ಲಾ ಪ್ಲಾಸ್ಟಿಕ್ ಅದಾವ್ರಿ ಟೀಚರ್," ಅಂದ ಟೇಲರ್.

ಮನಿಗೆ ಬಂದು ಹೇಳಿದ್ರ, ಅತ್ತಿಯವ್ರು ಟ್ರಂಕಿನಿಂದ ತಮ್ಮ ಮದುವಿ ಸೀರಿ ತಂದು ಮುಂದಿಟ್ರು. "ನಮ್ಮಪ್ಪ ಕೊಡಿಸಿದ್ದು. ಖರೇ ಬೆಳ್ಳಿ. ಹಚ್ಚಿ ನೋಡು."

ಪೀ ಅನ್ನಲಿಲ್ಲಂದ್ರ ಅವರು ನಲವತ್ತು ವರ್ಷ ನಂಬಿದ ಮಾತು ಸುಳ್ಳಾಗ್ತದ. "ಬ್ಯಾಡ್ರಿ ಅತ್ತಿ," ಅಂದೆ.

"ಹಚ್ಚಂದ್ರ ಹಚ್ಚು," ಅಂದ್ರು.

ಹಚ್ಚಿದೆ. ಮೀಟರ್ ಸುಮ್ಮನಿತ್ತು. ಅವರ ಮಾರಿ ನೋಡಾಕ ಧೈರ್ಯ ಆಗಲಿಲ್ಲ. ಜರಿ ಮ್ಯಾಲಿನ ಧೂಳು ಒರಸಿ ಮತ್ತ ಒತ್ತಿದೆ. ಪೀ ಅಂತು. ಅತ್ತಿಯವ್ರು ಕಣ್ಣು ಒರಸಿಕೊಂಡು, ಹರಿದ ಸೆರಗಿನ ಅಂಚಿನಿಂದ ತಾವೇ ಎರಡು ಗೇಣು ಜರಿ ಬಿಚ್ಚಿ ಕೊಟ್ರು. ಸಂಜಿಗೆ ಅಂಗಿ ದೀಪ ಹತ್ತಿದ್ವು.

ಈಗ ಸುದ್ದಿ ಕೇಳಿ ಓಣಿ ಹೆಣ್ಮಕ್ಕಳು ನಾಲ್ಕು ಮಂದಿ, ನಮ್ಮದೂ ಖರೇ ಬೆಳ್ಳಿ ಹೌದೋ ಅಲ್ಲೋ ನೋಡ್ರಿ ಅಂತ, ತಮ್ಮ ಮದುವಿ ಸೀರಿ ಹಿಡಕೊಂಡು ಅಂಗಳದಾಗ ಕುಂತಾರ. ಮೀಟರಿನ ಸೆಲ್ ಮುಗದದ ಅಂತ ಸುಳ್ಳು ಹೇಳೇನಿ. ನಾಲ್ಕು ಮನ್ಯಾಗ ಜಗಳ ಹಚ್ಚೋ ಧೈರ್ಯ ನನಗಿಲ್ಲ.