ಡಿಸ್ಕ್ ತುಂಬಿಸಿದ್ದು ಯಾರು?

ಗೆಳೆಯರೇ, ಇವತ್ತು ಹೊಸನಗರದ ಒಂದು ಫೋಟೋ ಸ್ಟುಡಿಯೋಗೆ ಕಂಪ್ಯೂಟರ್ ರಿಪೇರಿಗೆ ಹೋಗಿದ್ದೆ. ಡಿಸ್ಕ್ ತುಂಬಿ ಕೆಲಸ ನಿಂತಿತ್ತು. ಮಾಲೀಕ ಸತೀಶಣ್ಣ, ಅಲ್ಲಿ ಆಲ್ಬಂ ಮಾಡುವ ಸುಮಿತ್ರಕ್ಕನ ಮೇಲೆ ರೇಗುತ್ತಿದ್ದರು.

"ನಿಮ್ಮನೆ ಫೋಟೋನೆಲ್ಲ ಇದ್ರಲ್ಲಿ ತುಂಬಿದ್ರೆ ಇನ್ನೆಂತ ಆಗ್ತದೆ ಮಾರಾಯ್ತಿ?"

"ನಿನ್ನೆನೇ ಎಲ್ಲ ಅಳಿಸಿದೀನಿ ಅಣ್ಣ. ಅಮ್ಮನ ಫೋಟೋನೂ ಇಟ್ಕಂಡಿಲ್ಲ."

ತೀರಿಕೊಂಡ ತಾಯಿಯ ಆ ಫೋಟೋಗಳು ಬೇರೆಲ್ಲೂ ಇಲ್ಲವಂತೆ.

ಹುಡುಕಿದೆ. ಆಲ್ಬಂ ಸಾಫ್ಟ್‌ವೇರ್ ತಾನು ಮಾಡಿದ ಪ್ರತಿ ಕೆಲಸವನ್ನೂ ಒಂದು ಫೈಲಿನಲ್ಲಿ ಬರೆದಿಡುತ್ತಾ ಮುಕ್ಕಾಲು ಡಿಸ್ಕ್ ನುಂಗಿತ್ತು. ಕಂಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಅದು ಡೀಬಗ್ ಲಾಗ್ ಸರ್, ಸಾಫ್ಟ್‌ವೇರ್‌ನಲ್ಲಿ ದೋಷ ಬಂದ್ರೆ ಹುಡುಕೋಕೆ. ಇನ್‌ಸ್ಟಾಲ್ ಮಾಡಿದಾಗಿಂದ ಆನ್ ಇರುತ್ತೆ. ಬೇಡ ಅಂದ್ರೆ ನೀವೇ ಆಫ್ ಮಾಡ್ಕೋಬೇಕು."

"ಆನ್ ಇದೆ ಅಂತ ನಮಗೆ ಹೇಳಿದ್ರಾ?"

"ಯಾರೂ ಕೇಳಲಿಲ್ಲ ಸರ್."

ಸತೀಶಣ್ಣ ತಲೆ ತಗ್ಗಿಸಿ, "ತಪ್ಪಾಯ್ತು ಸುಮಿತ್ರಾ" ಎಂದರು.

ಅಳಿಸಿದ್ದನ್ನು ಮರಳಿ ತರಲು ಸಂಜೆಯವರೆಗೂ ಪ್ರಯತ್ನಿಸಿದೆ. ಅಮ್ಮನ ಒಂದು ಫೋಟೋ ಸಿಕ್ಕಿತು, ಅದೂ ಅರ್ಧ. ಉಳಿದವುಗಳ ಜಾಗದಲ್ಲಿ ಆಗಲೇ ಲಾಗ್ ಬರೆದುಕೊಂಡಿತ್ತು. ಅಷ್ಟು ಮುಖ್ಯವಾದದ್ದು ಏನಿರಬಹುದೆಂದು ತೆರೆದು ಓದಿದೆ. ಸಾಲು ಸಾಲಿಗೂ ಒಂದೇ ಮಾತು: ಯಾವ ದೋಷವೂ ಇಲ್ಲ.