ದುರ್ಬೀನಿನ ಮಬ್ಬು

ನನ್ನ ಕಣ್ಣು ಹೋಗುತ್ತಿದ್ದ ಕಾಲದಲ್ಲೇ ನನ್ನ ಗಂಡನಿಗೆ ನನ್ನ ಕಣ್ಣಿನ ಬಗ್ಗೆ ಎಲ್ಲಿಲ್ಲದ ಹೆಮ್ಮೆ ಹುಟ್ಟಿತು. ಅದಕ್ಕೆಲ್ಲ ಕಾರಣ ಮಬ್ಬು ಅನ್ನುವ ಒಂದು ಮಾತು.

ಅವರು ಕನ್ನಡ ಶಾಲೆಯ ಮಾಸ್ತರು. ಹಾನಗಲ್ಲಿನಲ್ಲಿದ್ದಾಗ ಅಂಚೆಯಲ್ಲಿ ಮಸೂರ ತರಿಸಿ, ತಗಡಿನ ಕೊಳವೆಯಲ್ಲಿ ಕೂರಿಸಿ ದುರ್ಬೀನು ಮಾಡಿಕೊಂಡರು. ಅದನ್ನು ಕಟ್ಟಿ ನಿಲ್ಲಿಸಲು ನಮ್ಮ ಮನೆಯ ಏಣಿ. ಮುಂದೆ ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ವರ್ಗವಾದಾಗಲೆಲ್ಲ ಹಾಸಿಗೆ, ಪಾತ್ರೆ ಬಸ್ಸಿನ ಮೇಲೆ, ದುರ್ಬೀನು ನನ್ನ ತೊಡೆಯ ಮೇಲೆ. ಸವಣೂರಿನಲ್ಲಿ ನಮ್ಮ ಓಣಿಗೆ ಕರೆಂಟಿನ ದೀಪ ಬಂದಾಗ ಎಲ್ಲರೂ ಹಿಗ್ಗಿದರೆ, ಇವರು ಆಕಾಶ ಕೆಟ್ಟಿತೆಂದು ಸೂತಕದ ಮುಖ ಮಾಡಿಕೊಂಡು ಕೂತರು.

ಚಂದ್ರ ಇವರಿಗೆ ಸಾಲದು. ನೀಹಾರಿಕೆ ಬೇಕು, ನಕ್ಷತ್ರಗಳ ಗೊಂಚಲು ಬೇಕು, ನಮ್ಮ ಆಕಾಶಗಂಗೆಯ ಆಚೆಗಿನ ಇನ್ನೊಂದು ಗಂಗೆ ಬೇಕು. ಶಿಗ್ಗಾಂವಿಯ ಅಂಚೆ ಕಚೇರಿಯಲ್ಲಿದ್ದ ಗೆಳೆಯರೊಬ್ಬರಿಗೂ ಇದೇ ಹುಚ್ಚು. ದುರ್ಬೀನಿನಲ್ಲಿ ಮಬ್ಬಾಗಿ ಕಂಡದ್ದನ್ನೆಲ್ಲ ಇಬ್ಬರೂ ಮಬ್ಬು ಅನ್ನುತ್ತಿದ್ದರು. ನನ್ನ ಪಾಲಿಗೆ ಅವರ ಚಹಾ ಕಾಸುವ ಕೆಲಸ.

ಹಿರೇಕೆರೂರಿಗೆ ಬಂದ ಮೇಲೆ ಜೊತೆಗೆ ಯಾರೂ ಇಲ್ಲದೆ ನನ್ನನ್ನೇ ಕರೆಯತೊಡಗಿದರು. ನಸುಕಿನಿಂದ ರೊಟ್ಟಿ ಬಡಿದು, ನೀರು ಹೊತ್ತು, ದೀಪ ಹಚ್ಚುವ ಹೊತ್ತಿಗೆ ನನ್ನ ಸೊಂಟ ನನ್ನದಾಗಿ ಉಳಿದಿರುತ್ತಿರಲಿಲ್ಲ. ಆಗಲೇ ಹಿತ್ತಲಿನಿಂದ ಕೂಗು.

"ಏ, ಬಾ ಇಲ್ಲೆ. ಏನ್ ಕಾಣ್ತೈತಿ ನೋಡು."

"ಮಬ್ಬ ಕಾಣಾಕತ್ತೈತ್ರಿ."

"ಶಾಭಾಸ್! ನನಗ ಇನ್ನೂ ಸಿಗವಲ್ದು, ನಿನಗ ಆಗಲೇ ಸಿಕ್ತಲ್ಲ!"

ಹೊಗಳಿಕೆ ಯಾರಿಗೆ ಬೇಡ? ಆದರೆ ಅಕ್ಕಿಯಲ್ಲಿ ಹರಳು ಉಳಿಯತೊಡಗಿದವು. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯಬೇಕಾಯಿತು. ದಣಿದವರಿಗೆ ಲೋಕ ಹೀಗೇ ಕಾಣುತ್ತದೆ ಅಂದುಕೊಂಡೆ. ಒಂದು ಸಂಜೆ ಬಾಯಿಬಿಟ್ಟು ಹೇಳಿಯೂ ಹೇಳಿದೆ.

"ನನಗ ಎಲ್ಲಾ ಮಬ್ಬ ಕಾಣ್ತಾವ್ರಿ."

"ಅದಕ್ಕ ಅಭ್ಯಾಸ ಬೇಕಾಗ್ತೈತಿ. ನಿನಗ ಬಂದೈತಿ," ಅಂದರು. ಇಂಥವರ ಜೊತೆ ಏನು ಮಾತಾಡುವುದು?

ಶಿವರಾತ್ರಿಗೆ ಮುಂಚೆ ಶಿಗ್ಗಾಂವಿಯ ಆ ಗೆಳೆಯರು ನಮ್ಮಲ್ಲಿಗೆ ಬಂದರು. ಇವರು ನನ್ನ ಕಣ್ಣನ್ನು ಹೊಗಳಿದ್ದೇ ಹೊಗಳಿದ್ದು. ಗೆಳೆಯರು ದುರ್ಬೀನು ತಿರುಗಿಸಿ ನನ್ನನ್ನು ಕರೆದರು. ಬಗ್ಗಿ ನೋಡಿದೆ.

"ಮಬ್ಬು. ಇವತ್ತ ಭಾಳ ದೊಡ್ಡದೈತ್ರಿ."

ಗೆಳೆಯರು ತಾವೂ ಇನ್ನೊಮ್ಮೆ ಬಗ್ಗಿ ನೋಡಿ ಮೆಲ್ಲಗೆ ಹೇಳಿದರು. "ವೈನಿ, ಅದು ಮಬ್ಬಲ್ಲರಿ. ಗುರು ಗ್ರಹ."

ಇವರು ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದರು. "ಬರೇ ಕಣ್ಣಿಲೆ ನೋಡು. ಚುಕ್ಕಿ ಕಾಣ್ತಾವಿಲ್ಲ?" ಕಾಣಲಿಲ್ಲ. ಗೆಳೆಯರ ಎದುರಿಗೇ ಅತ್ತುಬಿಟ್ಟೆ.

ಹುಬ್ಬಳ್ಳಿಯ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು. ಎಡಗಣ್ಣು ಕೈಮೀರಿತ್ತು. ಬಲಗಣ್ಣಿಗೆ ಆಪರೇಷನ್ ಮಾಡಿ ದಪ್ಪ ಗಾಜಿನ ಕನ್ನಡಕ ಕೊಟ್ಟರು. ಮನೆಗೆ ಬಂದ ಮೇಲೆ ಇವರು ಅಕ್ಕಿ ಆರಿಸುವುದನ್ನು ಕಲಿತರು. ದುರ್ಬೀನನ್ನು ಅಟ್ಟಕ್ಕೆ ಹಾಕಿದರು. ಮಬ್ಬು ಅನ್ನುವ ಮಾತು ಅವರ ಬಾಯಿಂದ ಬಿದ್ದುಹೋಯಿತು. ಆಕಾಶದಲ್ಲಿ ಮಬ್ಬು ಕವಿದರೂ ಮೋಡ ಅನ್ನುವರು. ಅವರ ಆ ಮೌನ ಹೊರುವುದು ನನಗೆ ದುರ್ಬೀನಿಗಿಂತ ಭಾರವಾಯಿತು.

ಮುಂದಿನ ಚಳಿಗಾಲದ ಒಂದು ಸಂಜೆ ನಾನೇ ಹೇಳಿದೆ. "ಏಣಿ ತರ್ರಿ."

ಬೇಡ ಅಂದರು, ಆಮೇಲೆ ತಂದರು. ನನ್ನ ಕನ್ನಡಕ ತೆಗೆದಿಟ್ಟು, ದುರ್ಬೀನಿನ ಗಾಜನ್ನು ಹಿಂದೆ ಮುಂದೆ ಸರಿಸಿ ನನ್ನ ಒಂದೇ ಕಣ್ಣಿಗೆ ಹೊಂದಿಸಿದರು. ಏನು ಕಾಣುತ್ತದೆ ಎಂದು ಕೇಳಲಿಲ್ಲ. ಏಣಿ ಹಿಡಿದು ನಿಂತೇ ಇದ್ದರು.

"ಚುಕ್ಕಿ," ಅಂದೆ. "ಸೂಜಿ ಮೊನಿಯಷ್ಟು."

ದುರ್ಬೀನನ್ನು ಮಹಾವ್ಯಾಧನ ನಡುಪಟ್ಟಿ ಅನ್ನುವ ಮೂರು ಚುಕ್ಕಿಗಳಿಂದ ತುಸು ಕೆಳಗೆ ತಿರುಗಿಸಿದರು. ಚೆಲ್ಲಿದ ರಂಗೋಲಿ ಹಿಟ್ಟಿನಂಥದ್ದು ಏನೋ ಕಂಡಿತು.

"ಈಗ ಮಬ್ಬು. ಒಳಗ ನಾಕು ಚುಕ್ಕಿ ಅದಾವು."

ಅವರು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಧೋತರದ ಸೆರಗಿನಿಂದ ಮುಖ ಮುಚ್ಚಿಕೊಂಡರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ಇಷ್ಟಕ್ಕೇನ್ರಿ, ಇಷ್ಟು ವರ್ಷ ಇದನ್ನ ನನ್ನ ತೊಡಿ ಮ್ಯಾಲೆ ಹೊರಿಸಿದ್ದು?"

ಕೇಳಿದೆನೇ ಹೊರತು, ಕಣ್ಣು ತೆಗೆಯಲಿಲ್ಲ.